ಗಟ್ಟಿ ಇದೆ ಎಂದೆ

ಶೈಲಕ್ಕ, ನಿಮ್ಮ ಕಾಲು ಹಾಳು ಮಾಡಿದವನು ನಿಮ್ಮ ತಮ್ಮ ಪ್ರಸನ್ನ ಅಲ್ಲ. ನಾನು. ಮೂಡಿಗೆರೆಯ ಟಿಂಕರ್ ಜಗದೀಶ — ಪ್ರಸನ್ನನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಬಾಳೂರಿನ ನಿಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಕಡುಬು ತಿಂದವನು. ಆ ಕೆಂಪು ಕಾರಿನ ಅಡಿಯನ್ನು ತುಕ್ಕು ತಿಂದು ಹಾಕಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗಟ್ಟಿ ಇದೆ ಎಂದೆ.

ಇದನ್ನು ಹೇಳುವುದಕ್ಕೆ ಹತ್ತು ವರ್ಷ ತೆಗೆದುಕೊಂಡೆ. ಸರಿಯಾದ ಸಮಯಕ್ಕೆ ಕಾಯುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಹೆದರಿಕೆ ಅಷ್ಟೆ. ಈಗ ಹೆದರಿಕೆಗಿಂತ ಸಿಟ್ಟು ದೊಡ್ಡದಾಗಿದೆ. ಮೊದಲು ನನ್ನ ಮೇಲೆ. ಆಮೇಲೆ ಪ್ರಸನ್ನನ ಮೇಲೆ — ಅದು ಯಾಕೆಂದು ಮುಂದೆ ಹೇಳುತ್ತೇನೆ. ನಿಮ್ಮ ಮೇಲೂ ಸ್ವಲ್ಪ ಇದೆ. ಇರಬಾರದು, ನನಗೆ ಆ ಹಕ್ಕಿಲ್ಲ — ಆದರೆ ಇದೆ, ಅದನ್ನು ಬಚ್ಚಿಟ್ಟು ಈ ಕಾಗದ ಬರೆಯಲಾರೆ. ನಿಮಗೆ ಗೊತ್ತಿರುವ ಎಷ್ಟೋ ಸಂಗತಿಗಳನ್ನು ಮತ್ತೆ ಬರೆಯುತ್ತೇನೆ, ಬೇಸರಿಸಬೇಡಿ. ನಿಮಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿದ ಸುಳ್ಳು.

ಕಾಫಿಗೆ ಯಾರೂ ಕಂಡು ಕೇಳರಿಯದ ರೇಟು ಬಂದ ಕಾಲ ಅದು. ಹತ್ತು ಎಕರೆ ಇದ್ದವರೂ ಹೊಸ ಜೀಪು ತಂದರು. ಪ್ರಸನ್ನ ಮಾತ್ರ ಹಳೆಯದೊಂದರ ಹಿಂದೆ ಬಿದ್ದ. ವಸ್ತಾರೆ ಕಡೆಯ ದೊಡ್ಡ ಎಸ್ಟೇಟೊಂದರಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದ ಶೆಡ್ಡಿನಲ್ಲಿ, ಎರಡೇ ಸೀಟಿನ, ತಲೆಯ ಮೇಲೆ ಬಟ್ಟೆಯ ಹೊದಿಕೆಯ, ವಿಲಾಯತಿಯ ರೇಸ್ ಕಾರಿತ್ತು. ಆ ಎಸ್ಟೇಟಿನ ಸಾಹುಕಾರರ ತಂದೆಯ ಕಾಲದ್ದು. ಪ್ರಸನ್ನ ಚಿಕ್ಕವನಿದ್ದಾಗ ಅದು ರಸ್ತೆಯಲ್ಲಿ ಹೋಗುವುದನ್ನು ಒಮ್ಮೆ ನೋಡಿದ್ದನಂತೆ. ‘ಕೊಡ್ತಾರಂತೆ ಮಾರಾಯ, ನೀನೊಂದ್ಸಲ ಬಂದು ನೋಡು, ನಿನ್ ಕಿವಿಗೆ ತುಕ್ಕು ಕೇಳ್ಸತ್ತಲ್ಲ’ ಅಂತ ನನ್ನ ಶೆಡ್ಡಿಗೇ ಬಂದು ಕರೆದ.

ಅದು ಉತ್ಪ್ರೇಕ್ಷೆಯಲ್ಲ. ಹಳೆಯ ಗಾಡಿ ಕೊಳ್ಳುವವರು ಗೋಣಿಬೀಡಿನಿಂದ, ಕಳಸದಿಂದ ನನ್ನನ್ನು ಕರೆದೊಯ್ಯುತ್ತಿದ್ದರು. ಬಣ್ಣ ಎಷ್ಟು ಹೊಳೆದರೂ ನನಗೆ ಲೆಕ್ಕವಿಲ್ಲ. ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತದ ತುಂಡೊಂದನ್ನು ತಗಡಿನ ಮೇಲೆ ಆಡಿಸುತ್ತ ಹೋಗುವುದು. ಅದು ಕಚ್ಚಿಕೊಳ್ಳದ ಕಡೆ ಒಳಗೆ ತಗಡಿಲ್ಲ, ಪುಟ್ಟಿ ತುಂಬಿದ್ದಾರೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದರೆ ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ಕೊಳೆತದ್ದು ದಬ್ಬೆನ್ನುತ್ತದೆ. ಬಾಗಿಲ ಕೆಳಗೆ, ಮ್ಯಾಟಿನ ಅಡಿಯಲ್ಲಿ, ಹಿಂದಿನ ಚಕ್ರಗಳ ಅಚ್ಚನ್ನು ಹಿಡಿದಿಡುವ ಪ್ಲೇಟ್ ಸ್ಪ್ರಿಂಗಿನ ತುದಿಯನ್ನು ಗಾಡಿಯ ತಗಡಿಗೆ ಕಚ್ಚಿಸಿದ ಜಾಗದಲ್ಲಿ — ನೀರು ನಿಲ್ಲುವುದು ಇಲ್ಲೆಲ್ಲ. ಗಾಡಿಯ ನಿಜವಾದ ವಯಸ್ಸು ಇಲ್ಲೇ ಗೊತ್ತಾಗುವುದು.

ಆ ದಿನ ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ತೂರಿದೆ. ಬಾಗಿಲ ಕೆಳಗಿನ ಪಟ್ಟಿ ಪರವಾಗಿಲ್ಲ. ನೆಲದ ತಗಡು ಪರವಾಗಿಲ್ಲ. ಎಡಗಡೆಯ ಹಿಂದಿನ ಚಕ್ರದ ಮುಂದೆ, ಸ್ಪ್ರಿಂಗ್ ಕಚ್ಚಿದ ಕಡೆ ದಪ್ಪನಾಗಿ ಟಾರು ಬಳಿದಿತ್ತು. ಬಡಿದೆ. ಸದ್ದೇ ಇಲ್ಲ. ಸ್ಕ್ರೂಡ್ರೈವರ್ ಒತ್ತಿದೆ — ಹಿಡಿಯ ತನಕ ಒಳಗೆ ಹೋಯಿತು. ಎಳೆದರೆ ತುದಿಗೆ ನಾರು ಸಿಕ್ಕಿಕೊಂಡು ಬಂತು. ಯಾರೋ ತುಕ್ಕಿನ ತೂತಿಗೆ ಗೋಣಿ ತುರುಕಿ, ಪುಟ್ಟಿ ಮೆತ್ತಿ, ಮೇಲೆ ಟಾರು ಬಳಿದಿದ್ದರು. ಸ್ಪ್ರಿಂಗಿನ ಬೋಲ್ಟು ನಿಂತಿದ್ದು ಒಂದು ಬೆರಳಗಲದ ತಗಡಿನ ಮೇಲೆ.

ಆಗಲೇ ಒಂದು ಮಾತು ಕಿವಿಗೆ ಬಿತ್ತು. ಸಾಹುಕಾರರು ಶೆಡ್ಡಿನ ಬಾಗಿಲಿಗೆ ಬಂದಿದ್ದರು. ‘ಕೆಳಗಡೆ ಇರೋದ್ಯಾರು?’ ಅಂತ ಕೇಳಿದರು.

‘ಯಾರೂ ಅಲ್ಲ ಸಾರ್,’ ಅಂದ ಪ್ರಸನ್ನ. ‘ತಗಡು ಬಡಿಯೋನು. ಸುಮ್ನೆ ಒಂದ್ಸಲ ನೋಡ್ಲಿ ಅಂತ ಕರ್ಕೊಂಡು ಬಂದೆ.’

ಇಬ್ಬರೂ ನಗುತ್ತ ಬಂಗಲೆಯ ಕಡೆ ಹೋದರು. ಅವನಿಗೆ ಅಲ್ಲಿ ವೆರಾಂಡದಲ್ಲಿ ಕುರ್ಚಿ, ಕಪ್ಪಿನಲ್ಲಿ ಕಾಫಿ. ನನಗೆ ಶೆಡ್ಡಿಗೇ ಒಂದು ಸ್ಟೀಲ್ ಲೋಟ ಬಂತು.

ಶೈಲಕ್ಕ, ಇದನ್ನು ಕಾರಣ ಅಂತ ಹೇಳುತ್ತಿಲ್ಲ. ಅದಕ್ಕಿಂತ ಕೆಟ್ಟ ಮಾತನ್ನು ಎಷ್ಟೋ ಜನರಿಂದ ಕೇಳಿ ನುಂಗಿದವನು ನಾನು. ಆದರೆ ಇವನು — ಗಣಿತದ ಪರೀಕ್ಷೆಯಲ್ಲಿ ನನ್ನ ಉತ್ತರ ನೋಡಿ ಬರೆದವನು, ನಿಮ್ಮಮ್ಮ ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದ್ದನ್ನು ತಿಂದವನು — ನನ್ನ ಬೆನ್ನು ಅವನ ಕಾಲಿನಿಂದ ಎರಡಡಿ ದೂರದಲ್ಲಿ ನೆಲದ ಮೇಲಿರುವಾಗ ‘ಯಾರೂ ಅಲ್ಲ’ ಅಂದ. ತಲೆಗೆ ಬೆಂಕಿ ಹತ್ತಿತು. ಕೊಳ್ಳಲಿ ಅಂದುಕೊಂಡೆ. ಊರೆಲ್ಲ ಮೆರೆಯಲಿ. ಮೂರು ತಿಂಗಳಲ್ಲಿ ಹಿಂಬದಿ ಕುಸಿದು ನೆಲಕ್ಕೆ ಕೂರುತ್ತದಲ್ಲ, ಆಗ ಇದೇ ತಗಡು ಬಡಿಯುವವನ ಬಾಗಿಲಿಗೆ ಬಂದು ನಿಲ್ಲಲಿ. ನನ್ನ ತಲೆಯಲ್ಲಿ ಅಂಗಳದಲ್ಲಿ ನಿಂತ ಕಾರು ಕುಸಿಯುತ್ತಿತ್ತು. ತಿರುವಿನಲ್ಲಿ ಓಡುವ ಕಾರು ಬರಲೇ ಇಲ್ಲ. ಅದರಲ್ಲಿ ನೀವು ಕೂತಿರಬಹುದೆಂದು —

ಪಕ್ಕದಲ್ಲಿದ್ದ ಗ್ರೀಸನ್ನು ಬೆರಳಲ್ಲಿ ತೆಗೆದು, ಮಣ್ಣಿನ ಜೊತೆ ಕಲಸಿ ಆ ತೂತಿಗೆ ಮೆತ್ತಿದೆ. ನಿಧಾನವಾಗಿ, ಕೆಲಸ ಗೊತ್ತಿದ್ದವನ ಹಾಗೆ. ಈಚೆ ಬಂದು ಕೈ ಒರೆಸಿಕೊಂಡು ಬಂಗಲೆಯ ಮೆಟ್ಟಿಲ ಕೆಳಗೆ ನಿಂತೆ. ‘ಎಂಥ ಕಥೆ?’ ಅಂದ ಪ್ರಸನ್ನ. ‘ಗಟ್ಟಿ ಇದೆ. ತಗೋ’ ಅಂದೆ.

ಆ ಗೋಣಿ ತುರುಕಿದವರು ಯಾರೋ, ತುರುಕಿಸಿದವರು ಯಾರೋ. ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರನ್ನು ಮುಂದೆ ನಿಲ್ಲಿಸಿ ನಾನು ಹಿಂದೆ ಅಡಗಿಕೊಳ್ಳುವುದಿಲ್ಲ. ನೋಡಲಿಕ್ಕೆಂದೇ ಕರೆಸಿಕೊಂಡವನು ನಾನು.

ಸಿಟ್ಟು ಒಂದು ವಾರದಲ್ಲಿ ಇಳಿಯಿತು. ಆಗಲಾದರೂ ಹೇಳಬಹುದಿತ್ತು. ಅವನು ಮೂಡಿಗೆರೆಗೆ ಬಂದಾಗಲೆಲ್ಲ ನನ್ನ ಶೆಡ್ಡಿನ ಮುಂದೆ ಹಾರ್ನ್ ಹೊಡೆದು ಕೈ ಎತ್ತುತ್ತಿದ್ದ. ಒಮ್ಮೆ ಬಾಗಿಲಿಗೆ ಬಿದ್ದ ಗೀರು ಸರಿಮಾಡಿಸಲು ದಿನವಿಡೀ ಕಾರನ್ನು ನನ್ನ ಹತ್ತಿರವೇ ಬಿಟ್ಟು ಹೋದ. ಅರ್ಧ ದಿನದ ವೆಲ್ಡಿಂಗ್ ಕೆಲಸ, ಶೈಲಕ್ಕ! ಕೊಳೆತದ್ದನ್ನು ಕತ್ತರಿಸಿ ದಪ್ಪ ಪ್ಲೇಟ್ ಕೂರಿಸಿದ್ದರೆ ಯಾರಿಗೂ ಗೊತ್ತಾಗದೆ ಎಲ್ಲ ಮುಗಿಯುತ್ತಿತ್ತು. ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಇತ್ತು. ಆದರೆ ಅವನು ಸಂಜೆ ಬೇಗ ಬಂದುಬಿಟ್ಟರೆ? ಇದೆಂಥದು ಅಂತ ಕೇಳಿದರೆ? ‘ನಮ್ ಜಗ ಪಾಸ್ ಮಾಡಿದ ಗಾಡಿ’ ಅಂತ ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ. ನನ್ನ ಹೆಸರು ಹೋಗುತ್ತಿತ್ತು. ಗೀರು ತಿದ್ದಿ ಬಣ್ಣ ಹೊಡೆದು ಕೊಟ್ಟೆ.

ಆ ಸೋಮವಾರ ಬೆಳಿಗ್ಗೆ ಅವನು ನಿಮ್ಮನ್ನು ಕಳಸದ ಶಾಲೆಗೆ ಬಿಡಲು ಹೊರಟಿದ್ದ. ನೀವು ಅಲ್ಲಿ ಪಿ.ಟಿ. ಟೀಚರು. ನಿಮ್ಮ ಹುಡುಗಿಯರ ಖೋಖೋ ತಂಡ ಜಿಲ್ಲೆಯಲ್ಲಿ ಗೆದ್ದು ಒಂದು ತಿಂಗಳೂ ಆಗಿರಲಿಲ್ಲ. ಬಾಳೂರು ದಾಟಿ ಮೂರನೆಯ ತಿರುವಿನಲ್ಲಿ ಏನಾಯಿತೆಂದು ನನಗೆ ನೋಡದೆಯೂ ಗೊತ್ತು. ಆ ಬೆರಳಗಲದ ತಗಡು ಹರಿಯಿತು. ಸ್ಪ್ರಿಂಗು ಕಳಚಿ ಹಿಂದಿನ ಅಚ್ಚು ಓರೆಯಾಯಿತು. ಹಿಂದಿನ ಚಕ್ರಗಳು ತಮಗೆ ಬೇಕಾದ ಕಡೆ ಎಳೆದವು. ಸ್ಟೇರಿಂಗ್ ಹಿಡಿದವನು ಎಷ್ಟೇ ಜಾಣನಾಗಿದ್ದರೂ ಅಲ್ಲಿ ಮಾಡುವುದು ಏನೂ ಇರಲಿಲ್ಲ. ಕಾರು ತೋಟಕ್ಕೆ ಉರುಳಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಕ್ಕೆ ನೀವು ಕೂತ ಕಡೆಯಿಂದ ಬಡಿಯಿತು.

ಗಾಡಿ ಎಳೆದು ತರಲು ಕರೆಸಿದ್ದು ನನ್ನನ್ನೇ. ರಸ್ತೆಯ ಮೇಲಿನ ತೋಟದಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದ ಹೆಂಗಸೊಬ್ಬಳು ಎಲ್ಲವನ್ನೂ ನೋಡಿದ್ದಳು. ಇಳಿದು ಬಂದು, ‘ಗಾಡಿ ಮೆಲ್ಲಗೇ ಬರ್ತಿತ್ತು ಅಣ್ಣಾ. ಹಿಂದ್ಗಡೆ ತಾನಾಗೇ ವಾಲ್ತು’ ಅಂದಳು. ‘ನಿಂಗೇನು ಗೊತ್ತಾಗತ್ತೆ ಗಾಡಿ ವಿಷ್ಯ? ಹೋಗಿ ಕೆಲ್ಸ ನೋಡು’ ಅಂದೆ. ಅವಳು ಹೋದಳು. ಮತ್ತೆ ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ಕಾರನ್ನು ಶೆಡ್ಡಿಗೆ ತಂದವನೇ ಬಾಗಿಲು ಹಾಕಿಕೊಂಡು ಆ ಕೊಳೆತ ಭಾಗವನ್ನು ಗ್ಯಾಸಿನಿಂದ ಕತ್ತರಿಸಿ ತೆಗೆದೆ. ಗೋಣಿಯ ಚೂರು ಉರಿದ ವಾಸನೆ ಬಂತು. ಮಾರನೆಯ ದಿನ ನಿಮ್ಮ ದೊಡ್ಡಪ್ಪ ಬಂದರು, ಹಿಂದೆ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡ ಪ್ರಸನ್ನ. ‘ನಲವತ್ತರ ಸ್ಪೀಡಲ್ಲಿದ್ದೆ ಅಂತಾನೆ ಇವ್ನು. ಗಾಡೀದೇ ಏನಾದ್ರೂ ದೋಷ ಇತ್ತಾ? ನೀನು ನೋಡಿದ್ಯಲ್ಲ ಜಗದೀಶ, ನೀನೇ ಹೇಳು’ ಅಂದರು. ಪ್ರಸನ್ನ ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಬಾಯಿಂದ ಬರುವ ಒಂದು ಮಾತಿಗೆ ಅವನ ಜೀವವೆಲ್ಲ ಕಣ್ಣಿಗೆ ಬಂದು ನಿಂತಿತ್ತು.

‘ಗಾಡಿ ಗಟ್ಟಿ ಇತ್ತು ದೊಡ್ಡಪ್ಪ. ತಿರುವಲ್ಲಿ ಜೋರು ಹೋಗಿರ್ಬೇಕು.’

ಅವನು ತಲೆ ತಗ್ಗಿಸಿದ. ನನ್ನ ಜೊತೆ ಜಗಳವಾಡಲಿಲ್ಲ. ಬಿದ್ದ ಪೆಟ್ಟಿಗೆ ಆ ಬೆಳಗಿನ ದಾರಿಯೇ ನೆನಪಿಲ್ಲದೆ ಆಸ್ಪತ್ರೆಯಲ್ಲಿದ್ದ ನಿಮಗೆ ನನ್ನ ಮಾತೇ ತಲುಪಿತು. ಮಂಡಿ ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ‘ಶೋಕಿಗೆ ನನ್ ಕಾಲು ತೆಗೆದ’ ಅಂತ ನೀವು ಅವನನ್ನು ವಾರ್ಡಿನಿಂದ ಹೊರಗೆ ಕಳಿಸಿದಿರಂತೆ. ಆಮೇಲೆ ನೀವು ಚಿಕ್ಕಮಗಳೂರಿಗೆ ಹೋಗಿ ಶಾಲೆಯೊಂದರ ಲೈಬ್ರರಿಯಲ್ಲಿ ಕೂತಿರಿ. ನಿಮ್ಮಮ್ಮ ತೀರಿಕೊಂಡಾಗ ಬಂದಿರಿ, ಅವನ ಕಡೆ ತಿರುಗಿಯೂ ನೋಡದೆ ಹೊರಟಿರಿ. ಅಂಗಳದಲ್ಲಿ ನಾನೂ ಇದ್ದೆ. ಅಂದು ನಿಮ್ಮ ಮೇಲೆ ಸಿಟ್ಟು ಬಂತು. ಒಂದು ಸಲ, ಒಂದೇ ಒಂದು ಸಲ ಅವನ ಮಾತನ್ನು ನಂಬಿದ್ದರೆ ಏನಾಗುತ್ತಿತ್ತು ಅನ್ನಿಸಿತು. ನಂಬದ ಹಾಗೆ ಮಾಡಿದವನು ಅಲ್ಲೇ ನಿಂತುಕೊಂಡು ಹಾಗೆ ಅಂದುಕೊಂಡ — ನೋಡಿ, ನನ್ನ ಯೋಗ್ಯತೆ.

ಪ್ರಸನ್ನ ಅಂದಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಬಸ್ಸು, ಇಲ್ಲವೇ ನಡಿಗೆ. ಪ್ರತಿ ವರ್ಷ ತೋಟದ ಕಿತ್ತಳೆ ತುಂಬಿದ ಚೀಲ ಹಿಡಿದು ನನ್ನ ಹತ್ತಿರ ಬರುತ್ತಿದ್ದ. ‘ನೀನೊಬ್ನೇ ಮಾರಾಯ ನನ್ನ ಬೈದೇ ಇರೋನು’ ಅನ್ನುತ್ತಿದ್ದ. ಆ ಕಿತ್ತಳೆಯನ್ನು ನಾನು ತಿಂದಿದ್ದೇನೆ.

ಈ ವರ್ಷವೂ ಬಂದ. ಬೆಂಚಿನ ಮೇಲೆ ಕೂತು, ಏನೋ ಮಾತಿನ ನಡುವೆ, ‘ಅವತ್ತು ಎಂಬತ್ತರ ಮೇಲೇ ಇದ್ದೆ ಅನ್ಸತ್ತೆ’ ಅಂದ.

ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ‘ಏನಂದೆ?’

‘ಎಂಬತ್ತು. ಶೋಕಿಗೆ ಓಡಿಸ್ದೆ ಅಂತ ಅಕ್ಕ ಸುಮ್ಸುಮ್ನೆ ಹೇಳ್ತಾಳಾ?’

‘ನಲವತ್ತು ಅಂದಿದ್ಯಲ್ಲೋ!’

‘ಹೆದ್ರಿ ಸುಳ್ಳು ಹೇಳಿರ್ಬೇಕು ಮಾರಾಯ. ಈಗ ನೆನಸ್ಕೊಂಡ್ರೆ ಮುಳ್ಳು ಎಂಬತ್ತರಲ್ಲಿ ಇದ್ದಿದ್ದು ಕಣ್ಣಿಗೆ ಕಾಣತ್ತೆ.’

ಸುತ್ತಿಗೆಯನ್ನು ಎಸೆದೆ. ಶೆಡ್ಡಿನ ತಗಡಿಗೆ ಬಡಿದ ಸದ್ದಿಗೆ ಅವನು ಬೆಚ್ಚಿ ಎದ್ದ. ನನ್ನ ಸುಳ್ಳನ್ನು ನಿಜ ಮಾಡಲು ಈ ಮನುಷ್ಯ ತನ್ನ ನೆನಪನ್ನೇ ತಿದ್ದಿಕೊಂಡುಬಿಟ್ಟಿದ್ದ! ಅವನ ಕಾಲರ್ ಹಿಡಿದು ಅಲ್ಲಾಡಿಸಿದೆ. ‘ನಲವತ್ತು! ನಲವತ್ರಲ್ಲೇ ಇದ್ದೆ ಕಣೋ ನೀನು! ಸ್ಪ್ರಿಂಗ್ ಕಿತ್ಕೊಂಡು ಬಂದಿದ್ದು. ನಂಗೆ ಗೊತ್ತಿತ್ತು. ವಸ್ತಾರೆಲೇ ಗೊತ್ತಿತ್ತು!’ ಅಂತ ಕೂಗಿದೆ. ಸುರುವಿನಿಂದ ಎಲ್ಲವನ್ನೂ ಹೇಳಿದೆ. ಅವನು ಹೊಡೆಯುತ್ತಾನೆಂದು ಕಾದೆ. ಹೊಡೆಯಲಿಲ್ಲ. ‘ಯಾರೂ ಅಲ್ಲ ಅಂತ ನಾನಂದ್ನಾ?’ ಅಂತ ಕೇಳಿದ.

ಅವನಿಗೆ ನೆನಪೇ ಇರಲಿಲ್ಲ, ಶೈಲಕ್ಕ. ಬಾಯಿಗೆ ಬಂದದ್ದನ್ನು ಆಡಿ ಮರೆತಿದ್ದ.

ಕಿತ್ತಳೆ ಚೀಲವನ್ನು ಎತ್ತಿಕೊಂಡ. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದ: ‘ಅಕ್ಕಂಗೆ ನೀನೇ ಹೇಳು. ನಾನು ಹೇಳಿದ್ರೆ ತಪ್ಪಿಸ್ಕೊಳ್ಳಕ್ಕೆ ಕಥೆ ಕಟ್ಟಿದ ಅಂತಾಳೆ.’

ಅದಕ್ಕೇ ಈ ಕಾಗದ. ನಿಮ್ಮ ದೊಡ್ಡಪ್ಪ ಈಗಿಲ್ಲ. ತಮ್ಮನ ಮಗ ತಪ್ಪು ಮಾಡಿದನೆಂದೇ ನಂಬಿ ಹೋದರು. ಅದನ್ನು ನಾನು ಇನ್ನು ಸರಿಮಾಡಲಾರೆ. ನಿಮ್ಮ ಆಟದ ಬಯಲನ್ನೂ ತಂದುಕೊಡಲಾರೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನನಗಾಗಿಯೇ ಆಗುತ್ತದೆ.

ಬರುವ ಭಾನುವಾರ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಬರುತ್ತೇನೆ. ನಿಮ್ಮ ಎದುರು ನಿಂತು ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರು ಕೇಳಿಸಿಕೊಂಡರೂ ಸರಿ. ಪ್ರಸನ್ನನನ್ನು ಕರೆತರುವುದಿಲ್ಲ. ಅವನು ನನ್ನ ಪಕ್ಕದಲ್ಲಿ ನಿಲ್ಲಬಾರದು. ನೀವು ಕರೆದರೆ ಅವನೇ ಬರುತ್ತಾನೆ. ಬಾಳೂರಿನ ಮನೆಯ ಫೋನ್ ನಂಬರು ಬದಲಾಗಿಲ್ಲ.