ಕಚೇರಿಯ ಹೊರಗೆ ನಿಂತ ದೇವರು

ಚಹಾ ಕೊಟ್ಟವರು ತಾವೊಂದು ಗುಟುಕೂ ಕುಡಿಯದೆ ಕುಳಿತರೆ ಅತಿಥಿಗೆ ಒಂಥರಾ ಕಸಿವಿಸಿ, ನಿಮಗೂ ಆಗಿರಬಹುದು. ಜೋಗೇಶ್ವರಿಯ ಸಣ್ಣ ಕಾರ್ಖಾನೆಗಳ ಹಿಂದಿನ, ಸಾಲುಕೋಣೆಗಳ ಚಾಳಿನಲ್ಲಿ, ವಿಜಯಪುರದ ಕಡೆಯ ಶಾಂತವ್ವನ ಒಂದೇ ಕೋಣೆಯ ಮನೆಯಲ್ಲಿ, ಆ ಸಂಜೆ ನನಗಾದದ್ದು ಅದೇ. ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯ ಹಿರಿಯರಾದ ಸ್ಯಾಮುಯೇಲಪ್ಪನವರ ಜೊತೆ, ಸುವಾರ್ತೆ ಹೇಳಲೆಂದು ಮಲಾಡಿನಿಂದ ಹೋಗಿದ್ದೆ. ನಮ್ಮ ಕೈಗೆ ಚಹಾ ಕೊಟ್ಟ ಶಾಂತವ್ವನೂ ಅವಳ ಹದಿಹರೆಯದ ಮಗಳೂ ಬರಿದೇ ಕುಳಿತಿದ್ದರು. ಕಾರಣ ಕೇಳಿದೆ. ಇಡೀ ಚಾಳಿಗೆ ಸೇರಿದ ಹೆಂಗಸರ ಶೌಚಾಲಯದ ಬಾಗಿಲುಗಳು ಮುರಿದು ತಿಂಗಳುಗಳಾಗಿವೆ, ದಾರಿಯಲ್ಲಿ ದೀಪವಿಲ್ಲ, ಕತ್ತಲಾದ ಮೇಲೆ ಅತ್ತ ಹೋಗಲಾಗದು, ಅದಕ್ಕೇ ಮಧ್ಯಾಹ್ನ ಕಳೆದರೆ ನೀರನ್ನೂ ಮುಟ್ಟುವುದಿಲ್ಲ ಎಂದು ಶಾಂತವ್ವ ಹೇಳಿದಳು. ಮಗಳು ಉರಿಮೂತ್ರದಿಂದ ನರಳಿ ಆಸ್ಪತ್ರೆ ಕಂಡು ಬಂದದ್ದೂ ತಿಳಿಯಿತು. ಯೇಸು ಕೊಡುವ ಜೀವಜಲದ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಹೋಗಿದ್ದ ನನಗೆ ಬಾಯಿ ಒಣಗಿತು.

ಬಾಗಿಲು, ದೀಪ ಹಾಕಿಸಿರೆಂದು ಕೇಳಲು ಪಾಲಿಕೆಯ ವಾರ್ಡ್ ಆಫೀಸಿಗೆ ಸಭೆಯವರೆಲ್ಲ ಹೋಗೋಣವೆಂದು ಭಾನುವಾರ ಕೇಳಿಕೊಂಡೆ. ಶಾಂತವ್ವನ ಮಗಳಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದ್ದ ಸ್ಯಾಮುಯೇಲಪ್ಪನವರು ಇದಕ್ಕೆ ಒಪ್ಪಲಿಲ್ಲ. ಬಾಗಿಲು ಹಾಕಿಸಲು ಈ ಊರಲ್ಲಿ ಎಷ್ಟೋ ಜನರಿದ್ದಾರೆ, ಯೇಸುವಿನ ಹೆಸರು ಹೇಳಲು ನಾವಷ್ಟೇ ಎಂಬುದು ಅವರ ಮಾತು. ಮನೆಮನೆಗೆ ನಡೆದು ಚಪ್ಪಲಿ ಸವೆಸಿದ ಆ ಹಿರಿಯರ ಮಾತು ಸುಳ್ಳೆನ್ನುವ ಧೈರ್ಯ ನನಗಿರಲಿಲ್ಲ. ಪೂರ್ತಿ ನಿಜವೆಂದು ಒಪ್ಪಿ ನಿಶ್ಚಿಂತಳಾಗಲೂ ಆಗಲಿಲ್ಲ. ಆತ್ಮದ ಬಿಡುಗಡೆಯನ್ನು ಸಾರಹೊರಟವಳು ದೇಹದ ಸಂಕಟವನ್ನು ಹೊಸ್ತಿಲಾಚೆ ಬಿಟ್ಟು ಬರುವುದು ಹೇಗೆ? ದೇವರು ಎರಡನ್ನೂ ಒಟ್ಟಿಗೇ ಕೊಟ್ಟಿದ್ದಾನಲ್ಲ!

ಕೊನೆಗೆ ಚಾಳಿನ ಹೆಂಗಸರ ಜೊತೆ ನಾನೊಬ್ಬಳೇ ಹೊರಟೆ. ಆಫೀಸಿನ ಮೆಟ್ಟಿಲ ಬಳಿ ಶಾಂತವ್ವ ತಗ್ಗಿದ ದನಿಯಲ್ಲಿ, "ಅಕ್ಕಾರ, ಒಳಗ ನಿಮ್ಮ ಚರ್ಚಿನ ಮಾತು ತೆಗೀಬ್ಯಾಡ್ರಿ. ಮತಾಂತರದ ಮಂದಿ ಬಂದಾರ ಅಂದ್ರ ಕೆಲಸ ಕೆಡ್ತದ" ಎಂದಳು. ಕೊರಳಿನ ಶಿಲುಬೆಯನ್ನು ಸೆರಗಿನೊಳಗೆ ಸರಿಸಿದೆ. ನೀವು ಯಾರೆಂದು ಗುಮಾಸ್ತ ಹಿಂದಿಯಲ್ಲಿ ಕೇಳಿದಾಗ, ಇವರಿಗೆ ಬೇಕಾದವಳು ಎಂದಷ್ಟೇ ಹೇಳಿದೆ.

ಹಲವು ಸಲ ಅಲೆದ ಮೇಲೆ ಬಾಗಿಲುಗಳು ಬಂದವು, ಚಿಲಕವೂ ಬಂತು. ದೀಪ ಮಾತ್ರ ಬರಲಿಲ್ಲ. ಹೆಂಗಸರು ಹಿಗ್ಗಿದರು; ನನ್ನೊಳಗೆ ಏನೋ ಕೊರೆಯುತ್ತಲೇ ಇತ್ತು. ಒಂದು ದಿನ ಮೆಂತ್ಯೆ ಸೊಪ್ಪು ಬಿಡಿಸುತ್ತ ಶಾಂತವ್ವ, ಮಲಾಡಿನಿಂದ ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಬರುವ ನನಗೆ ಇದರಿಂದ ಸಿಗುವುದಾದರೂ ಏನೆಂದು ಕೇಳಿದಳು. ಆಗ ಹೇಳಿದೆ: ಯಾರೂ ಮುಟ್ಟದವರನ್ನು ಮುಟ್ಟಿದವನ ಕಥೆ, ಕಳ್ಳರ ನಡುವೆ ಶಿಲುಬೆಗೇರಿದವನ ಕಥೆ, ಅವನನ್ನು ಪ್ರೀತಿಸಿದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಲಾಗದ ನನ್ನ ಕಥೆ. ಅವಳು ಕೈ ನಿಲ್ಲಿಸದೆ ಕೇಳಿದಳು. ತನ್ನ ಎಲ್ಲಮ್ಮನನ್ನು ಬಿಡಲಾರೆನೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ, "ಇಷ್ಟು ಛಲೋ ದೇವರನ್ನ ಅವತ್ತ ಆಫೀಸಿನ ಹೊರಗ್ಯಾಕ ನಿಲ್ಲಿಸಿದ್ರಿ?" ಎಂದಳು.

ನೀನೇ ಅಲ್ಲವೇ ಹೇಳಿದ್ದು ಎಂದೆ.

"ನಾವು ಅಂಜಿ ಹೇಳಿದ್ವಿರಿ. ನೀವ್ಯಾಕ ಅಂಜಿದ್ರಿ?"

ಆಫೀಸಿನಲ್ಲಿನ ನನ್ನ ಮೌನ ಅವಳ ಮೇಲಿನ ಪ್ರೀತಿಯೋ, ನನ್ನದೇ ಪುಕ್ಕಲುತನವೋ? ಎರಡರ ನಡುವಿನ ಗೆರೆ ನಿಮಗೇನಾದರೂ ಕಂಡಿದೆಯೇ?

ದೀಪಕ್ಕಾಗಿ ಮತ್ತೆ ಹೋದಾಗ ಗುಮಾಸ್ತ, ನೀವು ಯಾರೆಂಬ ಅದೇ ಪ್ರಶ್ನೆ ಕೇಳಿದ. ನಾನು ಕ್ರೈಸ್ತಳು, ಇವರ ಜೊತೆ ಬಂದಿದ್ದೇನೆ ಎಂದೆ. ಅವನ ಹುಬ್ಬು ಮೇಲೇರಿತು. ನನ್ನ ಒಂದು ಮಾತಿನಿಂದ ಇವರ ದಾರಿಯ ಬೆಳಕೇ ತಪ್ಪಿತೇನೋ ಅನ್ನಿಸಿತು. ಶಾಂತವ್ವ ನನ್ನ ಪಕ್ಕಕ್ಕೆ ಬಂದು ನಿಂತು, ದೀಪದ ಮಾತು ತೆಗೆದಳು.

ದೀಪ ಇನ್ನೂ ಬಂದಿಲ್ಲ. ತಡವಾದದ್ದು ನನ್ನಿಂದಲೋ, ಅಲ್ಲಿನ ರೀತಿಯೇ ಹಾಗೋ ತಿಳಿಯದು. ಸೋಮವಾರ ಮತ್ತೆ ಹೋಗಬೇಕು, ಆ ಹಿರಿಯರನ್ನೂ ಕರೆದುಕೊಂಡು ಬನ್ನಿ ಎಂದಿದ್ದಾಳೆ ಶಾಂತವ್ವ. ಸ್ಯಾಮುಯೇಲಪ್ಪನವರಿಗೆ ಅವಳ ಪ್ರಶ್ನೆಯನ್ನೂ ಕರೆಯನ್ನೂ ತಲುಪಿಸಿದೆ. ಅವರು ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಆಫೀಸು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರು.