ಭಾನುವಾರದವರೆಗೆ ಹೇಳಬಾರದ ಸುದ್ದಿ

ಕೈಗೆ ಬಂದದ್ದು ಏನೇ ಆಗಲಿ, ಅವರು ಅದನ್ನು ಮೊದಲು ಬೆಳಕಿಗೆ ಹಿಡಿಯುತ್ತಿದ್ದರು. ಎಡಗಣ್ಣು ಮುಚ್ಚಿ, ಗದ್ದ ಸ್ವಲ್ಪ ಮೇಲೆತ್ತಿ, ಬೆರಳ ತುದಿಗಳಲ್ಲಿ ಮಾತ್ರ ಹಿಡಿದು ನೋಡುವುದು. ಅಂಚೆಯ ಲಕೋಟೆ, ಹೆಂಡತಿ ಹುಯ್ದ ನೀರುದೋಸೆ, ನನ್ನ ಮಗಳು ಶಾಲೆಯಲ್ಲಿ ಬಿಡಿಸಿದ ಚಿತ್ರ, ಎಲ್ಲವೂ ಒಮ್ಮೆ ಕಿಟಕಿಯ ಕಡೆ ಹೋಗಿ ಬರಬೇಕು. ಮೂವತ್ತು ವರ್ಷ ಎಕ್ಸ್‌ರೇ ತೆಗೆದ ಕೈ ಅದು. ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿ ನಮ್ಮ ಕಟ್ಟಡದ ಹನ್ನೊಂದನೇ ಮಹಡಿಯವರೆಲ್ಲ ಅವರನ್ನು ಎಕ್ಸ್‌ರೇ ಅಂಕಲ್ ಎನ್ನುತ್ತಿದ್ದರು. ಆ ಮಹಡಿಯಲ್ಲಿ ಅವರ ಮನೆ ಬಿಟ್ಟರೆ ಕನ್ನಡದ ಮನೆ ನಮ್ಮದೊಂದೇ. ನಾನು ಮಾವ ಎಂದೆ, ಅವರ ಹೆಂಡತಿಯನ್ನು ಅತ್ತೆ ಎಂದೆ.

ನಾನು ಪುತ್ತೂರಿನಿಂದ ಬಂದದ್ದು 1992ರ ಕೊನೆಯಲ್ಲಿ. ಗಂಡ ಗೋದಾಮಿನಲ್ಲಿ ಶಿಫ್ಟು ಮಾಡುತ್ತಿದ್ದರು. ಮನೆಯಲ್ಲೇ ಕುಳಿತು ಮಾಡಬಹುದೆಂದು ನಾನು ವಿಡಿಯೋ ಟೇಪು ಬದಲಾಯಿಸುವ ಕೆಲಸ ಹಿಡಿದೆ. ಊರಿನ ಟೇಪು ಇಲ್ಲಿಯ ಟಿವಿಯಲ್ಲಿ ಓಡುತ್ತಿರಲಿಲ್ಲ. ಎರಡು ದೇಶಗಳ ಪದ್ಧತಿ ಬೇರೆ. ಹಾಕಿದರೆ ಬರೀ ಗೆರೆಗಳು ಹರಿಯುತ್ತಿದ್ದವು. ಎರಡು ಯಂತ್ರಗಳ ನಡುವೆ ಒಂದು ಪೆಟ್ಟಿಗೆ ಜೋಡಿಸಿ ಹೊಸ ಪ್ರತಿ ತೆಗೆಯಬೇಕು. ಮೂರು ಗಂಟೆಯ ಮದುವೆಗೆ ಪೂರ್ತಿ ಮೂರು ಗಂಟೆ ಹಿಡಿಯುತ್ತದೆ. ಚಿತ್ರ ಕದಲಿದರೆ ಗುಂಡಿ ತಿರುಗಿಸಲು ಪಕ್ಕದಲ್ಲೇ ಕೂರಬೇಕು. ಹೀಗಾಗಿ ಕಟ್ಟಡದವರ ಊರಿನ ಮದುವೆ, ಸೀಮಂತ, ಗೃಹಪ್ರವೇಶಗಳನ್ನೆಲ್ಲ ಅವರಿಗಿಂತ ಮೊದಲು ನಾನು ನೋಡುತ್ತಿದ್ದೆ.

ಮರುವರ್ಷದ ಮಾರ್ಚಿನಲ್ಲಿ ಮಾವ ಒಂದು ಟೇಪು ತಂದರು. ಸ್ಕಾಟ್ಲೆಂಡಿನ ಎಡಿನ್‌ಬರೋದ ಅಂಚೆ ಮುದ್ರೆ ಇತ್ತು. ಅಲ್ಲಿಯ ಟೇಪುಗಳೂ ನಮ್ಮ ಊರಿನ ಪದ್ಧತಿಯವೇ. ಯಾರ ಮದುವೆ ಎಂದು ಕೇಳಿದೆ.

"ಮದುವೆ ಅಲ್ಲ ಮಾರಾಯ್ತಿ, ರಗ್ಬಿ ಮ್ಯಾಚು. ಸ್ಕಾಟ್ಲೆಂಡು, ಇಂಗ್ಲೆಂಡು. ನೀನು ನೋಡದೆ ಕಾಪಿ ಮಾಡ್ಲಿಕ್ಕಾಗುದಿಲ್ಲ, ಅದು ಗೊತ್ತುಂಟು. ಆದ್ರೆ ಯಾರು ಗೆದ್ದದ್ದಂತ ಭಾನುವಾರದವರೆಗೆ ಹೇಳ್ಲಿಕ್ಕಿಲ್ಲ. ಬಾಯಲ್ಲೂ ಇಲ್ಲ, ಮುಖದಲ್ಲೂ ಇಲ್ಲ."

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಅವರ ಗೆಳೆಯರೊಬ್ಬರು ಬರುತ್ತಿದ್ದರು, ಮೈಸೂರಿನವರು, ನಿವೃತ್ತ ಇಂಜಿನಿಯರು. ಮಿಸಿಸಾಗಾದಿಂದ ಚಕ್ಕುಲಿ ಡಬ್ಬಿ ಹಿಡಿದು ಬಸ್ಸಿನಲ್ಲಿ ಬರುವರು. ಇಬ್ಬರೂ ಕೂತು ನೋಡುವವರೆಗೆ ಇಬ್ಬರಿಗೂ ಫಲಿತಾಂಶ ತಿಳಿದಿರಬಾರದು ಎಂಬುದು ಅವರೊಳಗಿನ ಕರಾರು. ಟೊರೊಂಟೊದ ಪತ್ರಿಕೆಗಳಲ್ಲಿ ಐಸ್ ಹಾಕಿಯದೇ ಸುದ್ದಿಯಾದ್ದರಿಂದ ಇದು ಅಷ್ಟೇನೂ ಕಷ್ಟವಿರಲಿಲ್ಲ. ಟೇಪು ಬರಲು ಎರಡು ವಾರ ಹಿಡಿಯುತ್ತಿತ್ತು. ಆ ಎರಡು ವಾರ ಇಬ್ಬರೂ ಬ್ರಿಟನ್ನಿನ ಪರಿಚಿತರಿಗೆ ಫೋನು ಮಾಡುತ್ತಿರಲಿಲ್ಲ.

ಉಡುಪಿ ಕಡೆಯ ಒಬ್ಬರು ಸ್ಕಾಟ್ಲೆಂಡಿನ ಪಕ್ಷ, ಮೈಸೂರಿನ ಒಬ್ಬರು ಇಂಗ್ಲೆಂಡಿನ ಪಕ್ಷ ಹಿಡಿದು ಯಾಕೆ ಹೊಡೆದಾಡುತ್ತಾರೆಂದು ಮೊದಲಿಗೆ ನನಗೆ ತಿಳಿಯಲಿಲ್ಲ. ಮಾವ ಅರವತ್ತರ ದಶಕದಲ್ಲಿ ಎಡಿನ್‌ಬರೋದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಕೆಲಸ ಕಲಿತವರು. ಹೋದ ಹೊಸತರಲ್ಲಿ, ಹೋಗಲು ಬೇರೆ ಜಾಗವಿಲ್ಲದೆ, ಜನ ಹೋಗುವ ಕಡೆ ತಾವೂ ಹೋಗಿ ಈ ಮ್ಯಾಚಿಗೆ ನಿಂತಿದ್ದರು. ಮಳೆ ಬಂತು. ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯ ಮಾತಿಲ್ಲದೆ ತನ್ನ ರೈನ್‌ಕೋಟಿನ ಅರ್ಧ ಭಾಗವನ್ನು ಇವರ ತಲೆಯ ಮೇಲೆ ಹಾಕಿ, ಆಟ ಮುಗಿಯುವವರೆಗೆ ಹಾಗೆಯೇ ನಿಂತ. ಯಾವ ದೇಶದವನೆಂದು ಕೇಳಲಿಲ್ಲ. ಅಷ್ಟೇ ಕಾರಣ. ಇಂಜಿನಿಯರರದು ಇನ್ನೂ ಚಿಕ್ಕದು: ಇಂಗ್ಲೆಂಡಿನ ಕಾರ್ಖಾನೆ ಊರಿನಲ್ಲಿ ಇವರಿಗೆ ಬಾಡಿಗೆ ಕೋಣೆ ಕೊಟ್ಟ ಮುದುಕಿ, ಮಾಂಸ ತಿನ್ನದ ಇವರಿಗಾಗಿ ಬೇರೆ ಪಾತ್ರೆ ಇಟ್ಟಿದ್ದಳಂತೆ. "ಅವಳ ಅನ್ನ ತಿಂದು ಇನ್ನೊಬ್ಬರಿಗೆ ಚಪ್ಪಾಳೆ ತಟ್ಟೋಕಾಗುತ್ತೇನಮ್ಮ?" ಎಂದು ನನ್ನನ್ನು ಕೇಳಿದ್ದರು.

ಆಟದ ಚರಿತ್ರೆಯನ್ನೆಲ್ಲ ನನಗೆ ಹೇಳಿದವರು ಮಾವ, ಟೇಪು ಓಡುವಾಗ ಬಾಗಿಲ ಹೊರಗೆ ಕಾರಿಡಾರಿನಲ್ಲಿ ನಿಂತು. ಒಳಗೆ ಬಂದರೆ ಚಿತ್ರ ಕಾಣುತ್ತದಲ್ಲ. ರಗ್ಬಿಯಲ್ಲಿ ಮೊತ್ತಮೊದಲು ಎದುರಾದ ದೇಶಗಳೇ ಇವೆರಡು, ನೂರಿಪ್ಪತ್ತು ವರ್ಷಕ್ಕೂ ಹಿಂದೆ, ಎಡಿನ್‌ಬರೋದಲ್ಲಿ, ಅಂದು ಗೆದ್ದದ್ದು ಸ್ಕಾಟ್ಲೆಂಡು. ಆ ಎರಡು ತಂಡ ಹೊಡೆದಾಡುವ ಬಹುಮಾನದ ಕಪ್ ಕಲ್ಕತ್ತದ್ದು. ಅಲ್ಲಿದ್ದ ಬಿಳಿಯರ ರಗ್ಬಿ ಕ್ಲಬ್ಬು ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಹಿಡಿಕೆಗಳಾಗಿ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. "ನಮ್ಮ ಬೆಳ್ಳಿ, ನಮ್ಮ ಹಾವು, ನಮ್ಮ ಆನೆ. ಅವರು ಕಚ್ಚಾಡುದು. ಚೆಂದ ಉಂಟಲ್ಲ?" ಎಂದು ಬಾಗಿಲ ಆಚೆಯಿಂದ ನಗುತ್ತಿದ್ದರು.

1990ರ ಕಥೆಯನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ. ಆ ವರ್ಷ ಸ್ಕಾಟ್ಲೆಂಡಿನವರು ಮೈದಾನಕ್ಕೆ ಓಡಿ ಬರಲಿಲ್ಲ. ಸಾಲಾಗಿ, ಒಂದೊಂದೇ ಹೆಜ್ಜೆ ಇಟ್ಟು ನಡೆದು ಬಂದರು, ಮತ್ತು ಗೆದ್ದರು. ಮಾವ ಆ ನಡಿಗೆಯನ್ನು ಕಾರಿಡಾರಿನಲ್ಲಿ ಲಿಫ್ಟಿನವರೆಗೆ ನಡೆದು ತೋರಿಸುತ್ತಿದ್ದರು, ಎದೆ ಮುಂದೆ, ಕೈ ಬಿಗಿ, ಕಾಲಲ್ಲಿ ಹವಾಯಿ ಚಪ್ಪಲಿ. ಬಟ್ಟೆ ಬುಟ್ಟಿ ಹಿಡಿದ ಹೆಂಗಸರು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು.

ನಾನು ಬಂದ ಮೇಲೆ ಸ್ಕಾಟ್ಲೆಂಡಿನವರು ಸೋಲುತ್ತಲೇ ಬಂದರು. 1994ರಲ್ಲಿ ಕೊನೆಯ ಕ್ಷಣದವರೆಗೆ ಗೆದ್ದೇ ಇದ್ದರು. ಆಟಗಾರರ ರಾಶಿಯೊಳಗೆ, ಕೈ ಹಾಕಬಾರದ ಹೊತ್ತಿನಲ್ಲಿ, ಯಾರದೋ ಕೈ ಚೆಂಡನ್ನು ಮುಟ್ಟಿತು. ಅದು ಸ್ಕಾಟ್ಲೆಂಡಿನವನ ಕೈ ಎಂದು ತೀರ್ಪಾಗಿ, ಒಂದು ಪೆನಾಲ್ಟಿಯಲ್ಲಿ, ಒಂದೇ ಅಂಕದಲ್ಲಿ ಸೋತರು. ಆ ಕೈ ಯಾರದ್ದೆಂದು ಮಾವ ಮತ್ತು ಇಂಜಿನಿಯರರು ಆರು ವರ್ಷ ಜಗಳವಾಡಿದರು. ಟೇಪಿನ ಆ ತುಣುಕನ್ನು ನನ್ನಿಂದ ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ಹಾಕಿಸಿದ್ದರೆಂದರೆ ಅಲ್ಲಿ ಚಿತ್ರ ಸವೆದುಹೋಗಿತ್ತು.

"ಆ ತೋಳು ನೋಡಯ್ಯ, ನಿಮ್ಮೋನ್ದೇ," ಎನ್ನುವರು ಇಂಜಿನಿಯರರು.

"ನೀವು ಸೇತುವೆ ಕಟ್ಟಿದವರು. ಕೈ ನೋಡುದು ನನಗೆ ಬಿಡಿ," ಎನ್ನುವರು ಮಾವ. "ನಾನು ನೋಡಿದಷ್ಟು ಕೈ ನೀವು ನೋಡ್ಲಿಲ್ಲ."

ಮುಖದ ವಿಚಾರವನ್ನು ಅವರು ನನಗೆ ಶಾಸ್ತ್ರೀಯವಾಗಿಯೇ ಕಲಿಸಿದ್ದರು. ಅವರ ಕಸುಬಿನಲ್ಲಿ ಅದು ಮೊದಲ ನಿಯಮ. ಚಿತ್ರ ತೆಗೆಯುವವನಿಗೆ ಒಳಗಿನದು ಮೊದಲು ಕಾಣುತ್ತದೆ, ಆದರೆ ಹೇಳುವ ಅಧಿಕಾರ ಡಾಕ್ಟರರದ್ದು. ರೋಗಿ ಮುಖವನ್ನೇ ನೋಡುತ್ತಿರುತ್ತಾನೆ. ಎಲ್ಲ ಸರಿಯಿದ್ದರೆ ಯಾರಾದರೂ ಹವಾಮಾನದ ಮಾತಾಡಿಬಿಡುತ್ತಾರೆ, ಕೆಟ್ಟದ್ದು ಕಂಡರೆ ಸುಮ್ಮನಾಗುತ್ತಾರೆ. ಆದ್ದರಿಂದ ಎರಡಕ್ಕೂ ಒಂದೇ ಮುಖ ಇಡಬೇಕು. ನಾನು ಚೆನ್ನಾಗಿ ಕಲಿತೆ. ನನ್ನ ಮುಖ ನೋಡಿಯೇ ಅವರಿಗೆ ಮುಂದಿನದು ಹೊಳೆದದ್ದು. ನೀನು ಈ ಕೆಲಸಕ್ಕೆ ಆಗುವವಳು ಎಂದು ಅರ್ಜಿ ತರಿಸಿ, ನನ್ನನ್ನು ಎಕ್ಸ್‌ರೇ ಕೋರ್ಸಿಗೆ ಸೇರಿಸಿದರು. ಎರಡು ವರ್ಷ ಅವರ ಊಟದ ಮೇಜಿನ ಮೇಲೆ ಎಲುಬುಗಳ ಹೆಸರು ಬಾಯಿಪಾಠ ಮಾಡಿದೆ. 1999ರಲ್ಲಿ ನನಗೆ ಕೆಲಸ ಸಿಕ್ಕಿತು. ಟೇಪಿನ ಕೆಲಸ ಬಿಟ್ಟೆ, ಮಾವನ ವರ್ಷಕ್ಕೊಂದು ಟೇಪು ಹೊರತು.

ಅದೇ ಚಳಿಗಾಲ ಅವರಿಗೆ ಕೆಮ್ಮು ಹಿಡಿಯಿತು. ಅವರು ಮೊದಲು ಕೆಲಸ ಮಾಡುತ್ತಿದ್ದ ಕಡೆಯೇ ಎದೆಯ ಚಿತ್ರ ತೆಗೆಸಿದರು. ತೆಗೆದವನು ಅವರೇ ಕಲಿಸಿದವನು. ವಾಪಸು ಬಂದು ಕೋಟು ಬಿಚ್ಚುತ್ತಾ ನನಗೆ ಹೇಳಿದರು: "ಒಳಗೆ ಹೋಗುವಾಗ ತುಂಬ ಮಾತಾಡಿದ. ಚಿತ್ರ ತೆಗೆದ ಮೇಲೆ ಒಂದು ಶಬ್ದ ಇಲ್ಲ. ನಾನು ಸರಿಯಾಗಿ ಕಲಿಸ್ಲಿಲ್ಲ ಅಂತ ಗೊತ್ತಾಯ್ತು."

ಶ್ವಾಸಕೋಶದ ಕ್ಯಾನ್ಸರ್. ಮಾರ್ಚಿನ ಹೊತ್ತಿಗೆ ಎರಡೂ ಕಡೆ ಹಬ್ಬಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸಿದರು, ಕಿಟಕಿ ಪಕ್ಕ ಮಂಚ ಹಾಕಿದೆವು.

2000ದ ಮ್ಯಾಚು ಎಡಿನ್‌ಬರೋದಲ್ಲಿತ್ತು, ಏಪ್ರಿಲ್ ಮೊದಲ ವಾರ. ಟೇಪು ಬಂದದ್ದು ಹದಿನೈದು ದಿನದ ಮೇಲೆ, ಒಂದು ಗುರುವಾರ. ಮಾವ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ ನನಗೆ ಕೊಟ್ಟರು. ಶುಕ್ರವಾರ ಕೆಲಸ ಮುಗಿಸಿ ಬಂದು ಯಂತ್ರಕ್ಕೆ ಹಾಕಿದೆ.

ಇಂಗ್ಲೆಂಡು ಆ ಋತುವಿನಲ್ಲಿ ಎಲ್ಲರನ್ನೂ ಸೋಲಿಸಿ ಬಂದಿತ್ತು. ಸ್ಕಾಟ್ಲೆಂಡು ಎಲ್ಲರಿಂದಲೂ ಸೋತು ಬಂದಿತ್ತು. ಅರ್ಧ ಆಟದ ಮೇಲೆ ಮಳೆ ಶುರುವಾಯಿತು, ಹಿಮ ಬೆರೆತ ಅಡ್ಡಮಳೆ. ಇಂಗ್ಲೆಂಡಿನ ಬಿಳಿ ಅಂಗಿಗಳೂ ಸ್ಕಾಟ್ಲೆಂಡಿನ ನೀಲಿ ಅಂಗಿಗಳೂ ಕೆಸರಲ್ಲಿ ಒಂದೇ ಬಣ್ಣವಾದವು. ಆ ಮಳೆಯಲ್ಲಿ ಸ್ಕಾಟ್ಲೆಂಡು ಗೆದ್ದಿತು. ಹತ್ತು ವರ್ಷದ ಮೇಲೆ. ನಾನು ಒಬ್ಬಳೇ ಕೂತಿದ್ದೆ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದಿದ್ದೆ. ಆಮೇಲೆ ಮುಖ ತೊಳೆದುಕೊಂಡು, ಕನ್ನಡಿ ನೋಡಿ, ಹೊಸ ಟೇಪು ತೆಗೆದುಕೊಂಡು ಅವರ ಮನೆಗೆ ಹೋದೆ.

ಅವರು ಎಚ್ಚರವಾಗಿದ್ದರು. ಟೇಪನ್ನು ಮಂಚದ ಪಕ್ಕ ಇಟ್ಟೆ. ಪ್ರತಿ ಉಸಿರಿಗೂ ಭುಜ ಏಳುತ್ತಿತ್ತು. ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು, ಎಡಗಣ್ಣು ಮುಚ್ಚಿ. ನಾನು ಕದಲಲಿಲ್ಲ. ಭಾನುವಾರಕ್ಕೆ ಎರಡೇ ದಿನ ಇತ್ತು. ಗೆದ್ದದ್ದನ್ನು ಅವರು ಗೆಳೆಯರ ಎದುರಿಗೇ ನೋಡಬೇಕು, ಆ ಕ್ಷಣವನ್ನು ನಾನು ಕೆಡಿಸಬಾರದು. ನನ್ನ ಮನಸ್ಸಿನಲ್ಲಿ ಇದ್ದದ್ದು ಇದೇ, ಇದಕ್ಕಿಂತ ಹೆಚ್ಚೇನೂ ಇರಲಿಲ್ಲ.

"ಇರ್ಲಿ ಬಿಡು," ಎಂದರು ಮಾವ. "ಮುಂದಿನ ವರ್ಷ."

ಆ ಮಾತು ಏನೆಂದು ನನಗೆ ಆಗ ಹೊಳೆಯಲಿಲ್ಲ. ಆಯಾಸವಾಗಿದೆ, ನೋಡುವುದಕ್ಕೆ ಆಗಲಿಕ್ಕಿಲ್ಲ ಎನ್ನುತ್ತಿದ್ದಾರೆ ಎಂದುಕೊಂಡೆ. ಹೊದಿಕೆ ಸರಿಮಾಡಿ ಬಂದೆ. ಶನಿವಾರ ಬೆಳಗಿನ ಕಾಫಿ ಹೊತ್ತಿಗೆ ಅತ್ತೆ ಬಾಗಿಲು ತಟ್ಟಿದರು.

ಇಲ್ಲಿ ದಹನಕ್ಕೆ ಸರದಿ ಕಾಯಬೇಕು. ಸೋಮವಾರಕ್ಕೆ ಸಿಕ್ಕಿತು. ಭಾನುವಾರ ಎರಡು ಗಂಟೆಗೆ ಇಂಜಿನಿಯರರು ಬಂದರು. ಚಕ್ಕುಲಿ ಡಬ್ಬಿ ಇರಲಿಲ್ಲ. ಅತ್ತೆಯೇ ಹೇಳಿದರು: "ಹಾಕು. ಇವತ್ತು ನೋಡ್ಲಿಕ್ಕಿತ್ತಲ್ಲ ಅವರಿಗೆ." ನಾನು ಹಾಕಿದೆ.

ಅತ್ತೆ ಮೂವತ್ತು ವರ್ಷದಲ್ಲಿ ಒಂದು ಮ್ಯಾಚೂ ಪೂರ್ತಿ ನೋಡಿದವರಲ್ಲ. ಆ ಹೊತ್ತಿಗೆಲ್ಲ ಅಡುಗೆ ಮನೆಯಲ್ಲಿರುತ್ತಿದ್ದರು. ಈ ಸಲ ಕೊನೆಯವರೆಗೆ ಕೂತರು. ನೀಲಿಯವರು ಅಪ್ಪಿಕೊಳ್ಳುವುದನ್ನು ನೋಡಿ ಯಾರು ಗೆದ್ದದ್ದೆಂದು ಕೇಳಿದರು. ಮಾವನ ಕಡೆಯವರು ಎಂದೆ.

"ಆದ್ರೆ ಸೋತಿದ್ದಾರಂತ ಅವರು ನನ್ನತ್ರ ಹೇಳಿದ್ರಲ್ಲ," ಎಂದರು ಅತ್ತೆ. "ಶುಕ್ರವಾರ, ನೀನು ಹೋದ ಮೇಲೆ. ಈ ಸಲವೂ ಇಲ್ಲ, ಹುಡುಗಿ ಮುಖದಲ್ಲಿ ಕಂಡಿತು ಅಂದ್ರು."

ನಾನು ಲೆಕ್ಕ ಹಾಕಿದೆ. ಇದಕ್ಕೆ ಮೊದಲು ಏಳು ಟೇಪು ತಂದುಕೊಟ್ಟಿದ್ದೆ. ಏಳು ಸಲವೂ ನನ್ನ ಮುಖ ಹೀಗೇ ಇತ್ತು. ಏಳು ಸಲವೂ ಸ್ಕಾಟ್ಲೆಂಡು ಸೋತಿತ್ತು. ಗೆಲುವಿಗೂ ಇದೇ ಮುಖ ಎಂದು ತಿಳಿಯುವ ಸಂದರ್ಭವೇ ಮಾವನಿಗೆ ಬಂದಿರಲಿಲ್ಲ.

ಇಂಜಿನಿಯರರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ತಮ್ಮ ಹಳೆಯ ಸಹೋದ್ಯೋಗಿಯೊಬ್ಬ ಇಂಗ್ಲೆಂಡಿನಿಂದ, ಈ ಕರಾರು ತಿಳಿಯದೆ, ತಮ್ಮ ಮಗಳ ಕಂಪ್ಯೂಟರಿಗೆ ಫಲಿತಾಂಶದ ಪತ್ರ ಹಾಕಿದ್ದನೆಂದು ಹೇಳಿದರು. ಅವರಿಗೆ ಎರಡು ವಾರದಿಂದ ಗೊತ್ತಿತ್ತು. ಅದರ ನಡುವೆ ಎರಡು ಸಲ ಬಂದು ಮಂಚದ ಪಕ್ಕ ಕೂತು ಹೋಗಿದ್ದರು.

"ನಾನೂ ಹೇಳ್ಲಿಲ್ಲ ಕಣಮ್ಮ," ಎಂದರು. "ಭಾನುವಾರ ಅವನು ಎದ್ದು ನನ್ನ ಬೈಯೋದನ್ನ ನೋಡ್ಬೇಕು ಅಂತಿತ್ತು."

ವಾರದ ಮೇಲೆ ಪೋರ್ಟ್ ಕ್ರೆಡಿಟ್ಟಿನ ದಡದಲ್ಲಿ ಬೂದಿಯನ್ನು ನೀರಿಗೆ ಬಿಟ್ಟೆವು. ದೋಣಿಗಳಿಗೆ ಇನ್ನೂ ಚಳಿಗಾಲದ ಹೊದಿಕೆ ಇತ್ತು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅತ್ತೆ ಕೈ ತೊಳೆದುಕೊಂಡು ಹಿಂದೆ ಸರಿದ ಮೇಲೆ ಇಂಜಿನಿಯರರು ಕಲ್ಲುಗಳ ಮೇಲೆ ಒಂದು ಹೆಜ್ಜೆ ಕೆಳಗಿಳಿದರು. ಬೀಳುತ್ತಾರೆಂದು ನಾನು ಕೋಟು ಹಿಡಿದುಕೊಂಡೆ.

"ನಿಮ್ಮೋರು ಗೆದ್ರು ಕಣಯ್ಯ," ಎಂದು ನೀರಿಗೆ ಹೇಳಿದರು. "ಮಳೇಲಿ ಗೆದ್ರು. ನಮ್ಮೋರ್ದು ಏನೂ ನಡೀಲಿಲ್ಲ." ಆಮೇಲೆ, ಇನ್ನೂ ಮೆಲ್ಲಗೆ, "ಆ ಕೈಯೂ ನಮ್ಮೋನ್ದೇ ಇರ್ಬೇಕು. ಬಿಡು."

ಇಂಜಿನಿಯರರೂ ಈಗಿಲ್ಲ. ನಾನು ಇನ್ನೂ ಎಕ್ಸ್‌ರೇ ಕೋಣೆಯಲ್ಲೇ ಇದ್ದೇನೆ. ನಿಯಮ ಬದಲಾಗಿಲ್ಲ, ಕಂಡದ್ದನ್ನು ನಾನು ಹೇಳುವಂತಿಲ್ಲ. ಆದರೆ ರೋಗಿಯನ್ನು ನಿಲ್ಲಿಸಿ, ಗದ್ದ ಮೇಲೆತ್ತಿಸಿ, ಭುಜ ಸರಿಮಾಡಿ, ಗಾಜಿನ ಆಚೆ ಹೋಗುವ ಮೊದಲು ಒಂದು ಮಾತು ಹೇಳುತ್ತೇನೆ. ಕೆಲಸಕ್ಕೆ ಹೊಸತಾಗಿ ಸೇರಿದವರು ಇದೇನೆಂದು ಕೇಳುತ್ತಾರೆ, ನಾನು ವಿವರಿಸುವುದಿಲ್ಲ. ನನ್ನ ಮುಖ ಯಾವಾಗಲೂ ಹೀಗೆಯೇ ಇರುತ್ತದೆ, ಒಳ್ಳೆಯದು ಕಂಡರೂ ಹೀಗೆಯೇ, ದಯವಿಟ್ಟು ಇದನ್ನು ನೋಡಿ ಏನನ್ನೂ ನಂಬಬೇಡಿ ಎನ್ನುತ್ತೇನೆ. ಆಮೇಲೆ ಉಸಿರು ಹಿಡಿಯಲು ಹೇಳುತ್ತೇನೆ.