ಗುಡ್ಡದ ಡಬ್ಬಿಯೂ ಗುರುಪಾದಪ್ಪನವರ ಕರಡಿಗೆಯೂ

ನಮ್ಮ ಲಕಮನಹಳ್ಳಿಯ ಗುರುಪಾದಪ್ಪನವರಿಗೆ ತಾರಿಹಾಳದಲ್ಲಿ ನಟ್ಟು-ಬೋಲ್ಟು ಮಾಡುವ ಸಣ್ಣ ಕಾರ್ಖಾನೆ ಇದೆ. ಆದರೆ ಅವರ ಮುಖ್ಯ ಉತ್ಪಾದನೆ ಉಪದೇಶ. ಓಣಿಯಲ್ಲಿ ಯಾವ ಸಂಘ ಹುಟ್ಟಿದರೂ ಅವರು ಉಪಾಧ್ಯಕ್ಷರು. ಅಧ್ಯಕ್ಷರಾದರೆ ಕೆಲಸ ಮಾಡಬೇಕಾಗುತ್ತದೆ. ಮುಂಜಾನೆ ತಿರುಗಾಡುವಾಗ ಸಿಕ್ಕವರ ಮುಖ ನೋಡುವ ಮೊದಲು ಕೊರಳು ನೋಡುತ್ತಾರೆ. ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟುವ ಬೆಳ್ಳಿ ಕರಡಿಗೆ ಕಾಣಲಿಲ್ಲವೋ, ಮುಗಿಯಿತು.

"ಲಿಂಗ ಅಂದ್ರ ಉಸರಿದ್ದಾಂಗ್ರಿ. ಉಸರು ಯಾರರ ಗೂಟಕ್ಕ ಹಾಕಿ ಬರ್ತಾರೇನು?"

ಎದುರಿದ್ದವನ ಕೈಯಲ್ಲಿನ ಹಾಲು ಒಡೆಯುವ ತನಕ ಬಿಡುವವರಲ್ಲ. ನನ್ನ ಕರಡಿಗೆ ದೇವರ ಮನೆಯ ಗೂಟದಲ್ಲೇ ಇರುವುದರಿಂದ ನಾನು ಹಿಂದಿನ ಓಣಿ ಹಿಡಿದು ಹಾಲು ತರುತ್ತೇನೆ.

ಅವರ ತಂಗಿಯ ಮಗಳು ರಜನಿ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಅವಳಿಗೆ ಜಿಯೋಕ್ಯಾಶಿಂಗ್ ಎಂಬ ಹುಚ್ಚು. ಯಾರೋ ಪುಣ್ಯಾತ್ಮರು ಗುಡ್ಡದಲ್ಲಿ ಡಬ್ಬಿ ಬಚ್ಚಿಡುತ್ತಾರೆ, ಮೊಬೈಲು ಜಾಗ ತೋರಿಸುತ್ತದೆ. ಹುಡುಕಿದವರು ಅದರೊಳಗಿನ ಒಂದು ವಸ್ತು ತೆಗೆದುಕೊಂಡು, ತಮ್ಮದೊಂದು ಇಟ್ಟು ಬರಬಹುದು. ಸವದತ್ತಿ ದಾರಿಯ ಒಂದು ಕಲ್ಲುಗುಡ್ಡದ ಮೇಲೆ ಅಂಥದ್ದೊಂದು ಡಬ್ಬಿ ಇದೆಯೆಂದು ಹೇಳಿದವಳು, "ಮಾಮಾ, ನಿಮ್ಮ ಕಡಿಂದ ಆಗೂದಿಲ್ಲ ಬಿಡ್ರಿ" ಎಂದು ಸೇರಿಸಿಬಿಟ್ಟಳು.

ಆ ರವಿವಾರವೇ ಹೊರಟೆವು. ಫೋಟೋ ತೆಗೆಯಲು ನನ್ನನ್ನೂ ಎಳೆದುಕೊಂಡರು.

ಗುಡ್ಡದ ನೆತ್ತಿ ಬಡಕಲು ಎತ್ತಿನ ಬೆನ್ನಿನ ಹಾಗೆ, ಬರೀ ಕಲ್ಲು. ಎರಡು ಬಂಡೆಗಳ ನಡುವೆ ಗುರುಪಾದಪ್ಪನವರ ಹೊಟ್ಟೆ ಸಿಕ್ಕಿಬಿತ್ತು. ನಾನೂ ರಜನಿಯೂ ಜಗ್ಗಿದೆವು. ಅವರು ಹೊರಬಂದರು, ಕೊರಳಿನ ಶಿವದಾರ ಹರಿಯಿತು. ಕರಡಿಗೆ ನೆಲಕ್ಕೆ ಬೀಳುವ ಮೊದಲೇ ಅಂಗೈಯಲ್ಲಿ ಹಿಡಿದರು, ಅದನ್ನು ಮೆಚ್ಚಬೇಕು. ಆದರೆ ಇಡುವುದೆಲ್ಲಿ? ಅಂಗಿಗೆ ಕಿಸೆಯಿಲ್ಲ. ಪ್ಯಾಂಟಿನ ಕಿಸೆ ತೋರಿಸಿದೆ.

"ಥೂ! ಸೊಂಟದ ಕೆಳಗ ಲಿಂಗ ಇಡ್ತಾರೇನ್ರಿ? ತಿಳವಳಿಕಿ ಬ್ಯಾಡಾ?"

ಅಷ್ಟರಲ್ಲಿ ರಜನಿ ಕಲ್ಲಿನ ಸಂದಿಯಿಂದ ಸ್ಟೀಲ್ ಡಬ್ಬಿ ಹೊರಗೆಳೆದಳು. ಶುದ್ಧವಾದ, ಮುಚ್ಚಳವಿರುವ ಜಾಗ! ಕರವಸ್ತ್ರ ಹಾಸಿ ಕರಡಿಗೆಯನ್ನು ಅದರಲ್ಲಿಟ್ಟರು. "ಫೋಟೋ ಆಗೂ ತನಕ ಇರಲಿ." ಫೋಟೋ ಆಯಿತು. ಇಂದಿನ ತರುಣರಿಗೆ ಕಾಲಲ್ಲಿ ಕಸುವಿಲ್ಲ ಎಂಬ ಭಾಷಣವೂ ಆಯಿತು. ಭಾಷಣದ ಗುಂಗಿನಲ್ಲೇ ಡಬ್ಬಿ ಮುಚ್ಚಿ, ಸಂದಿಗೆ ಸೇರಿಸಿ, ಮೇಲೊಂದು ಕಲ್ಲು ಹೇರಿ, ಕೈ ಝಾಡಿಸಿಕೊಂಡು ಇಳಿದರು. ನಾವೂ ಇಳಿದೆವು.

ಮನೆಗೆ ಬಂದು ಜಳಕ ಮಾಡಿ ಪೂಜೆಗೆ ಕುಳಿತಾಗ ಕೈ ಎದೆಗೆ ಹೋಯಿತಂತೆ.

ಲಿಂಗಪೂಜೆಯಿಲ್ಲದೆ ಅವರು ಉಣ್ಣುವವರಲ್ಲ. ಅವರು ಉಣ್ಣದೆ ಹೆಂಡತಿ ದಾನವ್ವ ಉಣ್ಣುವವಳಲ್ಲ. ರೊಟ್ಟಿ ಬುಟ್ಟಿಯಲ್ಲೇ ಉಳಿದವು. ಬೆಳಗಾಗುತ್ತಲೇ ನನ್ನ ಸ್ಕೂಟರಿನ ಹಿಂದೆ ಕುಳಿತರು. ದಾರಿಯಲ್ಲಿ ಸಿಕ್ಕವರ ಕೊರಳನ್ನೂ ನೋಡಲಿಲ್ಲ, ನನಗೇ ಹೆದರಿಕೆಯಾಯಿತು. ಖಾಲಿ ಹೊಟ್ಟೆ ಆ ಬಂಡೆಗಳ ನಡುವೆ ಸಲೀಸಾಗಿ ತೂರಿತು. ಡಬ್ಬಿ ತೆರೆದರು.

ಕರವಸ್ತ್ರ ಇತ್ತು. ಅದರ ಮೇಲೆ ಪ್ಲಾಸ್ಟಿಕ್ ಗಿಳಿಯ ಕೀಚೈನು ಇತ್ತು. ಕರಡಿಗೆ ಇರಲಿಲ್ಲ.

ರಜನಿಗೆ ಫೋನು ಮಾಡಿದೆವು. ಅವಳು ಮೊಬೈಲಿನಲ್ಲಿ ಆ ಆಟದ ಪುಟ ಹುಡುಕಿ ಹೇಳಿದಳು: "ನಿನ್ನೆ ಸಂಜೀಕ ಪುಣೆದವ್ರು ಬಂದಿದ್ರಂತ ಮಾಮಾ. 'ಚಂದನ ಬೆಳ್ಳಿ ಡಬ್ಬಿ ಸಿಕ್ತು, ಗಿಳಿ ಇಟ್ಟೇವಿ' ಅಂತ ಬರದಾರ. ಅವರದೇನೂ ತಪ್ಪಿಲ್ಲ, ಆಟದ ನಿಯಮನ ಹಂಗೈತಿ." ಆಮೇಲೆ ಅವಳೇ ಅವರನ್ನು ಸಂಪರ್ಕಿಸಿದಳು. ಪಾಪ, ಗಾಬರಿಯಾದರಂತೆ, ಕೊರಿಯರ್ ಮಾಡುತ್ತೇವೆ ಎಂದರು.

"ಕೊರಿಯರ್ನ್ಯಾಗ ಲಿಂಗ!" ಗುರುಪಾದಪ್ಪ ಬಂಡೆಯ ಮೇಲೆ ಕುಸಿದರು. "ಅಲ್ಲೀತನಕಾ ಏನ್ ಮಾಡ್ಲಿ?"

ನನಗೇನು ಗೊತ್ತು? ಗಿಳಿ ನಮ್ಮಿಬ್ಬರನ್ನೂ ನೋಡುತ್ತಿತ್ತು.

ಮನೆಗೆ ಬಂದರೆ ದಾನವ್ವ ಸೆರಗು ಹೊದ್ದು ತಯಾರಾಗಿದ್ದಳು. "ಶಾಂತಯ್ಯನೋರ ಕಡೆ ನಡೀರಿ. ನನಗ ಕಣ್ಣಿಗೆ ಕತ್ತಲಿ ಬರಾಕತ್ತೈತಿ." ಶಾಂತಯ್ಯನವರೆಂದರೆ ಇವರಿಗೆ ದೀಕ್ಷೆ ಕೊಟ್ಟ ಅಯ್ಯನವರು. ಹೊಸ ಲಿಂಗ ಕಟ್ಟಿಸಿಕೊಂಡು ಉಂಡರಾಯಿತು ಎಂಬುದು ಅವಳ ಲೆಕ್ಕ.

ಅಯ್ಯನವರ ಪಡಸಾಲೆಯಲ್ಲಿ ಯಾರಿದ್ದರು? ಮುಂಜಾನೆ ಇವರ ಉಪದೇಶ ಕೇಳಿಸಿಕೊಳ್ಳುವ ಅರ್ಧ ಓಣಿ. ಗುರುಪಾದಪ್ಪ ಬಾಗಿಲಲ್ಲೇ ಹಿಂದೆ ಸರಿದರು. ದಾನವ್ವ ಹಿಂದೆಯೇ ನಿಂತಿದ್ದಳು, ಜಾಗವಿರಲಿಲ್ಲ.

"ಯಾಕ್ರಿ ಗುರುಪಾದಪ್ಪಾರ, ಕೊಳ್ಳು ಖಾಲಿ ಕಾಣತೈತಿ?" ಎಂದರು ಶಾಂತಯ್ಯನವರು.

ಎಲ್ಲರೂ ಆ ಕೊರಳು ನೋಡಿದರು. ಒಳಗಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂತು. ದಾನವ್ವ ಮೆಲ್ಲಗೆ ಗೋಡೆ ಹಿಡಿದಳು. ಅದನ್ನು ಗುರುಪಾದಪ್ಪ ನೋಡಿದರು.

"ಗುಡ್ಡಕ್ಕ ಆಟಾ ಆಡಾಕ ಹೋಗಿದ್ನ್ರಿ," ಎಂದರು. "ಡಬ್ಬ್ಯಾಗ ಮರತು ಬಂದೇನ್ರಿ."

ನಗಲು ಎಲ್ಲರೂ ಅಯ್ಯನವರ ಮುಖ ನೋಡುತ್ತ ಕಾದರು. ಅವರು ನಗಲಿಲ್ಲ, ಪೂರ್ತಿ ಕೇಳಿದರು.

"ಕಳದಿಲ್ಲ ಅಂದಂಗಾತು, ಬರಾಕತ್ತೈತಿ. ಹಂಗಿದ್ದಮ್ಯಾಲ ಹೊಸಾದು ಹೆಂಗ ಕಟ್ಟಲಿ? ಬರೂ ತನಕ ಕಾಯ್ರಿ."

"ಊಟಾ, ಅಯ್ಯನೋರ?"

"ನೀವು ಉಪಾಸ ಬಿದ್ರ ಕೊರಿಯರ್ ಗಾಡಿ ಜೋರು ಓಡತೈತೇನು? ನಾ ಹೇಳ್ತೇನಿ, ಅಕಿನ್ನ ಕೂಡ್ಸಿ ಉಪ್ಪಿಟ್ಟು ತಿನ್ರಿ."

ಗುರುಪಾದಪ್ಪ ಎಲ್ಲರ ಎದುರು, ಬರಿಗೊರಳಿನಲ್ಲಿ, ತಟ್ಟೆ ಹಿಡಿದು ಕುಳಿತರು. ಮೊದಲ ತುತ್ತು ಬಾಯಿಗಿಟ್ಟರು. ದಾನವ್ವ ನೀರಿನ ತಂಬಿಗೆ ಅವರ ಕಡೆ ಸರಿಸಿ, ತನ್ನ ತಟ್ಟೆಗೆ ಕೈಹಾಕಿದಳು.